ಹದಿನಾಲ್ಕನೆಯ ಪಾಠದ ಕದಿರಮ್ಮ

ಕಲಿಸುವುದು ನನ್ನ ಕೆಲಸ, ಕಲಿಯುವುದು ಅವರ ಕೆಲಸ. ಮೂವತ್ತೊಂದು ವರ್ಷ ಮೇಷ್ಟ್ರಗಿರಿ ಮಾಡಿದ ನಾನು ಮೊದಲ ಹತ್ತು ಹನ್ನೆರಡು ವರ್ಷ ಈ ಮಾತನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಹುಡುಗರು ಫೇಲಾದರೆ ಅವರ ಅಪ್ಪಂದಿರಿಗೆ ಹೇಳಿದೆ, ಸಾಹೇಬರಿಗೆ ಹೇಳಿದೆ, ರೈಲಿನಲ್ಲಿ ಪಕ್ಕಕ್ಕೆ ಕೂತವರಿಗೂ ಹೇಳಿದೆ. ಹೇಳುವಾಗ ಕೋಟಿನ ಮೇಲಿನ ಸೀಮೆಸುಣ್ಣದ ಪುಡಿಯನ್ನು ಎಡಗೈಯಲ್ಲಿ ಕೊಡವಿಕೊಳ್ಳುವುದು ನನ್ನ ಅಭ್ಯಾಸವಾಗಿತ್ತು. ಪುಡಿಯ ಜೊತೆಗೆ ಜವಾಬ್ದಾರಿಯೂ ಉದುರಿಹೋಗುತ್ತದೆ ಎಂದುಕೊಂಡಿದ್ದೆನೋ ಏನೋ.

ಆ ಮಾತು ನನ್ನ ಬಾಯಿಂದ ನಿಂತುಹೋಗಿದ್ದು ಕದಿರಮ್ಮನಿಂದ. ಇದು ಅವಳ ಕಥೆ. ನಡುನಡುವೆ ನಾನು ಬರುತ್ತೇನೆ. ತಪ್ಪು ಮಾಡಿದವನು ನಾನಾದ್ದರಿಂದ ಬರಲೇಬೇಕು.

ಕದಿರಮ್ಮ ಬೇತಮಂಗಲದ ಹತ್ತಿರದ ಹಳ್ಳಿಯವಳು. ಕುಪ್ಪುಸ್ವಾಮಿ ಎಂಬ ಚಿನ್ನದ ಗಣಿಯ ಕೂಲಿಯನ್ನು ಮದುವೆಯಾಗಿ ಚಾಂಪಿಯನ್ ರೀಫ್ಸಿನ ಹನ್ನೆರಡನೇ ಲೈನಿಗೆ ಬಂದಿದ್ದಳು. ಲೈನ್ ಎಂದರೆ ತಗಡಿನ ಸೂರು, ಬಿದಿರು ತಡಿಕೆಯ ಗೋಡೆಯ ಮನೆಗಳ ಸಾಲು. ಒಂದು ಮನೆಯಲ್ಲಿ ಸೀನಿದರೆ ನಾಲ್ಕು ಮನೆಗೆ ಕೇಳುತ್ತಿತ್ತು. ಕದಿರಮ್ಮ ಎತ್ತರದ ಹೆಂಗಸು, ದೊಡ್ಡ ದನಿ. ನಲ್ಲಿಯ ಹತ್ತಿರ ಜಗಳವಾದರೆ ತೀರ್ಮಾನ ಅವಳದೇ. ಲೈನಿನಲ್ಲಿ ಮದುವೆಯಿರಲಿ, ಸೀಮಂತವಿರಲಿ, ಹಾಡಲು ಅವಳೇ ಮುಂದಾಗಬೇಕು. ತವರಿನ ಕನ್ನಡದ ಹಾಡು, ಅಜ್ಜಿಯಿಂದ ಬಂದ ತೆಲುಗಿನ ಹಾಡು, ಲೈನಿಗೆ ಬಂದ ಮೇಲೆ ಕಲಿತ ತಮಿಳಿನ ಹಾಡು, ಎಲ್ಲ ಸೇರಿ ನೂರಾರು ಇದ್ದವು. ಒಂದು ಸಲ ಕೇಳಿದರೆ ಸಾಕು, ಒಂದು ಪದವೂ ತಪ್ಪದೆ ತಿರುಗಿ ಹೇಳುತ್ತಿದ್ದಳು.

ಸಾವಿರದ ಒಂಬೈನೂರ ಐವತ್ತೈದರಲ್ಲಿ ವಯಸ್ಕರಿಗೆ ಓದು ಬರಹ ಕಲಿಸುವ ಕೆಲಸಕ್ಕೆ ನನ್ನನ್ನು ಅಲ್ಲಿಗೆ ಹಾಕಿದರು. ನನ್ನ ಮನೆ ಬಂಗಾರಪೇಟೆಯಲ್ಲಿ. ಹೆಂಡತಿ ಅನಸೂಯಮ್ಮ ಚೊಚ್ಚಲ ಬಸುರಿ. ಬೆಳಗ್ಗೆ ಹುಡುಗರ ಶಾಲೆ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಈ ಹೆಂಗಸರ ತರಗತಿ, ಆಮೇಲೆ ಮಾರಿಕುಪ್ಪಂ ರೈಲು ಹಿಡಿದು ಊರಿಗೆ. ನನಗೆ ಬೇಕಾಗಿದ್ದದ್ದು ಒಂದೇ, ಬಂಗಾರಪೇಟೆಗೆ ವರ್ಗ. ತರಗತಿಯ ಫಲಿತಾಂಶ ಚೆನ್ನಾಗಿದ್ದರೆ ವರ್ಗ ಮಾಡಿಸಿಕೊಡುತ್ತೇನೆ ಎಂದು ಮೇಲಿನವರೊಬ್ಬರು ಬಾಯಿಮಾತಿನಲ್ಲಿ ಹೇಳಿದ್ದರು.

ಬೇರೆ ಬೇರೆ ಲೈನುಗಳಿಂದ ಹದಿನೆಂಟು ಜನ ಹೆಂಗಸರು ಬಂದರು. ಮೊದಲ ಎರಡು ತಿಂಗಳು ನಾನು ನಿಜವಾಗಿಯೇ ಪ್ರಯತ್ನಪಟ್ಟೆ. ಅಷ್ಟನ್ನು ನನ್ನ ಪರವಾಗಿ ಹೇಳಿಕೊಳ್ಳುತ್ತೇನೆ. ಆದರೆ ಕದಿರಮ್ಮ ಪ್ರಶ್ನೆ ಕೇಳುವವಳು. ‘ಕ’ಕ್ಕೆ ಬಾಲ ಬಂದರೆ ‘ಕಾ’ ಯಾಕಾಗುತ್ತದೆ, ಬಾಲ ಎಳೆದವರು ಯಾರು, ಎಳೆಯದಿದ್ದರೆ ಏನಾಗುತ್ತದೆ ಎಂದು ಕೇಳುವಳು. ಮೊದಲನೆಯ ದಿನ ನಗುತ್ತಾ ಹೇಳಿದೆ. ಎರಡನೆಯ ದಿನ ನಗದೆ ಹೇಳಿದೆ. ಮೂರನೆಯ ದಿನ ಅದೇ ಪ್ರಶ್ನೆ ಬಂದಾಗ ರೈಲಿಗೆ ಹೊತ್ತಾಗಿತ್ತು.

“ನಿನ್ನ ತಲೆಗೆ ಹತ್ತೋದಿಲ್ಲ ಬಿಡು ಕದಿರಮ್ಮ. ನಾನು ಹೇಳ್ತೀನಿ, ಕೇಳಿ ಹಾಗೇ ಹೇಳು, ಸಾಕು” ಎಂದೆ.

ಅವಳು ಹಾಗೇ ಹೇಳಿದಳು. ಹದಿನಾಲ್ಕನೆಯ ಪಾಠ. “ಊರ ಮುಂದೆ ಒಂದು ಕೆರೆ ಇದೆ. ಕೆರೆಯ ತುಂಬ ನೀರು ಇದೆ. ಗಂಗೆ ಕೊಡ ತಂದಳು.” ಇಡೀ ಪುಟ, ಒಂದು ಸಲ ಕೇಳಿ, ನೀರು ಕುಡಿದ ಹಾಗೆ. ಪುಸ್ತಕ ಅವಳ ಮಡಿಲಿನಲ್ಲಿತ್ತು, ಕಣ್ಣು ಪುಸ್ತಕದ ಮೇಲಿತ್ತು, ಬೆರಳೂ ಸಾಲಿನ ಕೆಳಗೆ ಸರಿಯುತ್ತಿತ್ತು. ನೋಡಿದವರು ಓದುತ್ತಿದ್ದಾಳೆ ಎಂದೇ ಅನ್ನಬೇಕು. ನನಗೆ ಆಗಲೇ ದಾರಿ ಹೊಳೆದದ್ದು.

ಹದಿನೆಂಟು ಹೆಂಗಸರಿಗೆ ಹದಿನೆಂಟು ಪಾಠ ಹಂಚಿದೆ. ಒಬ್ಬೊಬ್ಬಳ ಪುಸ್ತಕದಲ್ಲಿ ಅವಳವಳ ಪುಟಕ್ಕೆ ಒಂದೊಂದು ಬಣ್ಣದ ದಾರ ಅಂಟಿಸಿದೆ. ಕದಿರಮ್ಮನದು ಹಳದಿ. ಪರೀಕ್ಷೆ ಮಾಡಲು ಬರುವ ಸಾಹೇಬರು ಹೆಸರು ಕರೆದರೆ ದಾರ ಹಿಡಿದು ಪುಟ ತೆಗೆಯುವುದು, ಪುಟದ ಮೇಲೆ ಅಚ್ಚಾದ ಕೆರೆ ಬಾವಿ ಹೂವು ಹಣ್ಣಿನ ಬೊಂಬೆ ನೋಡಿ ಇದೇ ತನ್ನ ಪಾಠ ಎಂದು ಖಾತ್ರಿ ಮಾಡಿಕೊಳ್ಳುವುದು, ಬಾಯಿಗೆ ಬಂದದ್ದನ್ನು ಹೇಳುವುದು. ನಾಲ್ಕು ತಿಂಗಳು ನಾವು ಮಾಡಿದ್ದು ಇಷ್ಟೇ. ಇದನ್ನು ನಾನು ಮೋಸ ಎಂದು ಕರೆಯಲಿಲ್ಲ, ತಯಾರಿ ಎಂದು ಕರೆದೆ.

ಸಾಹೇಬರು ಬಂದರು. ಹನ್ನೊಂದು ಜನ ಪಾಸಾದರು. ಕದಿರಮ್ಮ ಓದಿದ್ದನ್ನು ಕೇಳಿ ಸಾಹೇಬರು ಕುರ್ಚಿಯಿಂದ ಎದ್ದು ನಿಂತು, “ಶಹಭಾಸ್, ಇಷ್ಟು ಭಾವ ತುಂಬಿ ಹೈಸ್ಕೂಲು ಹುಡುಗರೂ ಓದೋದಿಲ್ಲ” ಎಂದರು. ಅವಳಿಗೆ ಸರ್ಟಿಫಿಕೇಟ್ ಬಂತು. ಕುಪ್ಪುಸ್ವಾಮಿ ಅದಕ್ಕೆ ಕಟ್ಟು ಹಾಕಿಸಿ, ಗಾಜಿನ ಮೂಲೆಗೆ ಕುಂಕುಮವಿಟ್ಟು, ದೇವರ ಪಟಗಳ ಸಾಲಿನಲ್ಲೇ ನೇತುಹಾಕಿದ. ನನಗೆ ಜೂನ್‌ನಲ್ಲಿ ಬಂಗಾರಪೇಟೆಗೆ ವರ್ಗವಾಯಿತು. ಹೊರಡುವ ದಿನ ಕದಿರಮ್ಮ ಒಂದು ಮಡಕೆ ಹುರಿಗಡಲೆ ಉಂಡೆ ತಂದುಕೊಟ್ಟಳು.

“ಅಕ್ಸರ ಕೊಟ್ಟೋರು ನೀವು ಸಾಮಿ. ಸಾಯೋಗಂಟ ಮರೆಯಾಕಿಲ್ಲ” ಎಂದಳು.

ನಾನು ಉಂಡೆ ತಿನ್ನುತ್ತಾ ರೈಲು ಹತ್ತಿದೆ.

ಎರಡು ವರ್ಷದ ಮೇಲೆ, ಐವತ್ತೆಂಟರಲ್ಲಿ, ಒಂದು ದಿನ ಬೆಳಗ್ಗೆ ಹತ್ತೂವರೆಗೆ ನೆಲದೊಳಗೆ ಬಂಡೆ ಸಿಡಿಯಿತು. ಆಳದ ಗಣಿಗಳಲ್ಲಿ ಅದು ಆಗುತ್ತಿತ್ತು. ಮೇಲೆ ಮನೆಗಳ ತಗಡು ನಡುಗುತ್ತಿತ್ತು, ಪಾತ್ರೆ ಉರುಳುತ್ತಿತ್ತು, ಆಮೇಲೆ ಸೈರನ್ ಕೂಗುತ್ತಿತ್ತು. ಮುಂದಿನದನ್ನು ನಾನು ಕಣ್ಣಾರೆ ನೋಡಿದವನಲ್ಲ, ಕುಪ್ಪುಸ್ವಾಮಿ ಬಂದು ಹೇಳಿದ್ದು.

ಲೈನುಗಳ ಹೆಂಗಸರೆಲ್ಲ ಗಣಿಗೆ ಇಳಿಯುವ ಶಾಫ್ಟಿನ ಗೇಟಿಗೆ ಓಡಿದರು. ಒಳಗೆ ನೂಕುನುಗ್ಗಲಾಗದಿರಲಿ ಎಂದು ಅಲ್ಲಿ ಒಂದು ಪದ್ಧತಿ. ಗಾಯಗೊಂಡವರ ಹೆಸರುಗಳ ಚೀಟಿಯನ್ನು ಬೇಲಿಯೊಳಗಿನ ಗೋಡೆಗೆ ಅಂಟಿಸುತ್ತಾರೆ. ಒಂದೊಂದು ಲೈನಿನಿಂದ ಓದು ಬರುವ ಒಬ್ಬರನ್ನು ಮಾತ್ರ ವಾಚ್‌ಮನ್ ಒಳಗೆ ಬಿಡುತ್ತಾನೆ. ಅವರು ಓದಿಕೊಂಡು ಬಂದು ತಮ್ಮ ಲೈನಿನವರಿಗೆ ಹೇಳಬೇಕು. ಹನ್ನೆರಡನೇ ಲೈನಿನಲ್ಲಿ ಓದು ಬರುತ್ತಿದ್ದ ನಾಲ್ಕೈದು ಗಂಡಸರು ಪಾಳಿಯಲ್ಲಿದ್ದರು, ಇಲ್ಲವೇ ಬಂಡೆ ಸರಿಸಲು ಓಡಿದ್ದರು. ಹೆಂಗಸರು ಕದಿರಮ್ಮನನ್ನು ಮುಂದಕ್ಕೆ ತಳ್ಳಿದರು. ಆ ಲೈನಿನಲ್ಲಿ ಸರ್ಟಿಫಿಕೇಟ್ ಇರುವವಳು ಅವಳೊಬ್ಬಳೇ ತಾನೆ.

ಕದಿರಮ್ಮ ಒಳಗೆ ಹೋದಳು. ಚೀಟಿಯ ಮುಂದೆ ಸ್ವಲ್ಪ ಹೊತ್ತು ನಿಂತಳು. ಹೊರಗೆ ಬಂದು, “ನಮ್ ಲೈನೋರು ಯಾರೂ ಇಲ್ಲ ಕಣ್ರೇ” ಎಂದಳು.

ಪಕ್ಕದ ಮನೆಯ ಕನಕಮ್ಮ ಅವಳ ಕತ್ತು ತಬ್ಬಿಕೊಂಡು ಅತ್ತಳಂತೆ. ಕನಕಮ್ಮನ ಗಂಡ ಪೆರುಮಾಳ್ ಆ ಪಾಳಿಯಲ್ಲಿ ಕೆಳಗಿದ್ದ. ಯಾರೂ ಇಲ್ಲ ಎಂದ ಮೇಲೆ ಅವಳು ಮನೆಗೆ ಹೋದಳು. ಎರಡು ಗಂಟೆಗೆ ಪಾಳಿ ಮುಗಿಸಿ ಬರುತ್ತಾನೆ ಎಂದು ಅನ್ನಕ್ಕಿಟ್ಟು, ಅವನಿಗಿಷ್ಟದ ಒಣಮೀನು, ಕರುವಾಡು ಹುರಿದು ಕಾದಳು. ಎರಡಾಯಿತು, ಮೂರಾಯಿತು. ಕಲ್ಲು ತೆಗೆಯಲು ನಿಲ್ಲಿಸಿಕೊಂಡಿರಬೇಕು ಎಂದು ಅಕ್ಕಪಕ್ಕದವರು ಸಮಾಧಾನ ಹೇಳಿದರು. ನಾಲ್ಕು ಗಂಟೆಗೆ ಆಸ್ಪತ್ರೆಯ ಜವಾನ ಮನೆ ಹುಡುಕಿಕೊಂಡು ಬಂದ. ಪೆರುಮಾಳ್ ಹೆಸರು ಚೀಟಿಯಲ್ಲಿ ಮೂರನೆಯದಾಗಿತ್ತು. ಮೂರೂಕಾಲಿಗೆ ಅವನ ಪ್ರಾಣ ಹೋಗಿತ್ತು. ಅಲ್ಲಿಯವರೆಗೂ ಜ್ಞಾನವಿತ್ತು, ಹೆಂಡತಿಯನ್ನು ಕೇಳುತ್ತಿದ್ದ, ಬಾಗಿಲ ಕಡೆಯೇ ನೋಡುತ್ತಿದ್ದ ಎಂದು ಆಸ್ಪತ್ರೆಯ ಆಯಾ ಕನಕಮ್ಮನಿಗೆ ಹೇಳಿದಳು. ಮಿಕ್ಕವರ ಹೆಂಡತಿಯರೆಲ್ಲ ಹನ್ನೊಂದೂವರೆಗೇ ಬಂದು ಮಂಚದ ಪಕ್ಕದಲ್ಲಿ ಕೂತಿದ್ದರು.

ಹನ್ನೆರಡು ದಿನ ಕಳೆದ ಮೇಲೆ ಕುಪ್ಪುಸ್ವಾಮಿ ಬಂಗಾರಪೇಟೆಗೆ ಬಂದ. ಭಾನುವಾರ ಲೈನಿನ ಹಿರಿಯರು ಸೇರುತ್ತಾರೆ, ನಿಮ್ಮನ್ನೂ ಕರೆಸಿ ಅಂದಿದ್ದಾರೆ ಎಂದ. ಅವನ ಮುಖ ನೋಡಲು ನನಗಾಗಲಿಲ್ಲ.

ಹೋದೆ. ಹೋಗುವಾಗ ರೈಲಿನಲ್ಲಿ ಎಲ್ಲವನ್ನೂ ಹೇಳಿಬಿಡಬೇಕು ಎಂದು ನಿರ್ಧಾರ ಮಾಡಿದ್ದೆ. ಊರಗಾಂ ಸ್ಟೇಷನ್ ದಾಟುವ ಹೊತ್ತಿಗೆ, ಹೇಳಿದರೆ ಕೆಲಸ ಹೋಗಬಹುದು ಎಂದುಕೊಂಡೆ. ಇಳಿಯುವ ಹೊತ್ತಿಗೆ, ಕೇಳಿದರೆ ಹೇಳೋಣ ಎಂದಾಗಿತ್ತು.

ನಲ್ಲಿಯ ಹತ್ತಿರದ ಬೇವಿನ ಮರದ ಕೆಳಗೆ ಜನ ಸೇರಿದ್ದರು. ಹಿರಿಯ ದೊಡ್ಡವೆಂಕಟಪ್ಪ, ಗಣಿಯೊಳಗೆ ಬಂಡೆ ಕುಸಿಯದಂತೆ ಮರ ಕಟ್ಟುವ ಕೆಲಸ ಮಾಡಿ ಮುದುಕನಾದವನು, ನನಗೆ ಸ್ಟೂಲು ಹಾಕಿಸಿದ. ಒಂದು ಪಕ್ಕ ಕನಕಮ್ಮ ಗೋಡೆಗೊರಗಿ ಕೂತಿದ್ದಳು. ಎದುರಿಗೆ ಕದಿರಮ್ಮ ನಿಂತಿದ್ದಳು.

“ಮೇಷ್ಟ್ರೆ, ಕೋಪ ಮಾಡ್ಕಬೇಡಿ” ಎಂದ ದೊಡ್ಡವೆಂಕಟಪ್ಪ. “ಈಯಮ್ಮಂಗೆ ನೀವು ಓದು ಕಲಿಸಿದ್ರೋ ಇಲ್ವೋ? ಅಷ್ಟು ಏಳಿ.”

ನಾನು ಬಾಯಿ ತೆರೆಯುವುದರೊಳಗೆ ಕದಿರಮ್ಮ ಶುರುಮಾಡಿದಳು.

“ಅವರ್ನ ಏನ್ ಕೇಳ್ತೀರಿ? ದಿನಾ ಬಂದು ಕಲಿಸಿದ್ರು. ಬಿಸಿಲಾಗ್ಲಿ ಮಳೆ ಆಗ್ಲಿ ಬಂದ್ರು. ನನ್ ತಲೆಗೇ ಅತ್ಲಿಲ್ಲ. ಓದು ಬತ್ತದೆ ಅಂತ ಮೆರೆದೋಳು ನಾನು. ಏನಿದ್ರೂ ನನ್ನ ಕೇಳಿ.”

ತಲೆಗೆ ಹತ್ತಲಿಲ್ಲ. ನಾನು ಅವಳಿಗೆ ನಿಜವಾಗಿ ಕಲಿಸಿದ್ದು ಅದೊಂದೇ ಮಾತು, ಅದನ್ನು ಅವಳು ಅಕ್ಷರ ಬಿಡದೆ ಒಪ್ಪಿಸಿದಳು.

“ಅಂಗೇನಾ ಮೇಷ್ಟ್ರೆ?” ಎಂದು ದೊಡ್ಡವೆಂಕಟಪ್ಪ ಕೇಳಿದ.

ನಾನು ತಲೆಯಾಡಿಸಿದೆ. ಹೌದು ಎಂದು.

ಹಿರಿಯರು ಅವಳಿಗೆ ಹೊಡೆಯಲಿಲ್ಲ, ಬಯ್ಯಲಿಲ್ಲ. ಇನ್ನು ಮೇಲೆ ಲೈನಿನ ಯಾವ ಶುಭಕಾರ್ಯದಲ್ಲೂ ಅವಳ ಬಾಯಿ ಬೇಡ, ಅವಳು ಹಾಡಬಾರದು ಎಂದು ಹೇಳಿ ಎದ್ದರು. ಕದಿರಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನನಗೆ ಯಾರೋ ಟೀ ತಂದುಕೊಟ್ಟರು, ಕುಡಿದೆ.

ಮನೆಗೆ ಬಂದು ಅನಸೂಯಮ್ಮನಿಗೆ ನಡೆದದ್ದು ಹೇಳಿದೆ. “ನೀವೇನಂದ್ರಿ?” ಎಂದಳು. ಏನೂ ಅನ್ನಲಿಲ್ಲ ಎಂದೆ. ಅವಳು ತಟ್ಟೆ ಹಾಕಿ ಬಡಿಸಿ, ತಾನು ಊಟ ಮಾಡದೆ ಮಗುವಿನ ಪಕ್ಕದಲ್ಲಿ ಮಲಗಿಬಿಟ್ಟಳು.

ಆಮೇಲಿನ ಆರು ವರ್ಷದ ಸುದ್ದಿ ಆಗೀಗ ರೈಲಿನಲ್ಲಿ ಸಿಗುವವರಿಂದ ಬರುತ್ತಿತ್ತು. ಕನಕಮ್ಮ ಶಾಫ್ಟಿನ ಗೇಟಿನಲ್ಲಿ ಇಡ್ಲಿ ಮಾರಿ ಬದುಕುತ್ತಿದ್ದಾಳೆ. ನಲ್ಲಿಯಲ್ಲಿ ಬೇತಮಂಗಲದ ಕೆರೆಯ ನೀರು ಬಂದ ಕೂಡಲೇ ಕದಿರಮ್ಮ ಮೊದಲ ಕೊಡ ಹಿಡಿದು ಕನಕಮ್ಮನ ಬಾಗಿಲಿನಲ್ಲಿ ಇಟ್ಟು ಬರುತ್ತಾಳೆ. ಕನಕಮ್ಮ ಎದ್ದು ಬಂದು ಅದನ್ನು ಚರಂಡಿಗೆ ಚೆಲ್ಲಿ, ಖಾಲಿ ಕೊಡವನ್ನು ಕದಿರಮ್ಮನ ಬಾಗಿಲಿಗೆ ಬೋರಲು ಹಾಕಿ, ತಾನೇ ಹೋಗಿ ಸಾಲಿನಲ್ಲಿ ನಿಲ್ಲುತ್ತಾಳೆ. ಮಾರನೆಯ ದಿನ ಮತ್ತೆ ಅದೇ. ಇದೆಲ್ಲ ನನ್ನ ಕಿವಿಗೆ ಬೀಳುತ್ತಲೇ ಇತ್ತು. ಆದರೂ ನಾನು ಆ ಕಡೆ ರೈಲು ಹತ್ತಲಿಲ್ಲ. ನಾಚಿಕೆಗೆಟ್ಟವನು ಎಂದು ನನ್ನನ್ನು ಯಾರಾದರೂ ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ, ಊರಿನಲ್ಲಿ ಎಲ್ಲರೂ ನಮಸ್ಕಾರ ಮೇಷ್ಟ್ರೆ ಅನ್ನುತ್ತಿದ್ದರು.

ಅರವತ್ತನಾಲ್ಕರ ಜೂನ್‌ನಲ್ಲಿ, ಒಂದು ಗುರುವಾರ, ಶಾಲೆ ಬಿಡುವ ಹೊತ್ತಿಗೆ ಕದಿರಮ್ಮ ಬಾಗಿಲಿನಲ್ಲಿ ನಿಂತಿದ್ದಳು. ಕೂದಲು ಬೆಳ್ಳಗಾಗಿತ್ತು. ಕಂಕುಳಲ್ಲಿ ಹಳೆಯ ಪುಸ್ತಕ, ಅದರಿಂದ ಹಳದಿ ದಾರ ಹೊರಗೆ ಇಣುಕುತ್ತಿತ್ತು.

“ಇನ್ನೊಂದು ಕಿತ ಕಲಿಸಿ ಸಾಮಿ” ಎಂದಳು. “ನನ್ ತಲೆ ಎಂತಾ ಕಲ್ಲೋ ನೋಡೇ ಬಿಡಾನ.”

“ಈಗ್ಯಾಕೆ ಕದಿರಮ್ಮ?”

“ಎಲ್ಲಾ ಮುಗುದ್ಮೇಲೆ ಆ ಚೀಟಿ ಗೋಡೆಯಿಂದ ಕಿತ್ಕಂಡು ಬಂದು ಮಡಗಿವ್ನಿ. ಸರ್ಟಿಪಿಕೇಟ್ ಇಂದೆ. ಅದ್ರಾಗೆ ಏನೈತೆ ಅಂತ ಎಲ್ರೂ ಏಳ್ತಾರೆ. ನಾನೇ ಓದ್ಬೇಕು. ಕೇಳಿ ಏಳಿದ್ದು ಸಾಕಾಯ್ತು.”

ಗುರುವಾರ ಗುರುವಾರ ಬಂದಳು. ಈ ಸಲ ನಾನು ಹೆದರಿಕೊಂಡು ಕಲಿಸಿದೆ. ಹೆದರಿಕೆ ಅವಳ ನೆನಪಿನ ಬಗ್ಗೆ. ನಾನು ಒಂದು ಸಲ ಗಟ್ಟಿಯಾಗಿ ಓದಿಬಿಟ್ಟರೆ ಅವಳಿಗೆ ಬಾಯಿಪಾಠವಾಗಿ ಹೋಗುತ್ತದೆ. ಅದಕ್ಕೇ ಬಾಯಿ ಮುಚ್ಚಿಕೊಂಡು ಬರೆದೆ. ಸ್ಲೇಟಿನ ಮೇಲೆ ಕೊಡ, ನಲ್ಲಿ, ತಗಡು, ಕುಪ್ಪು ಎಂದು ಅವಳ ಮನೆಯ ಮಾತುಗಳನ್ನೇ ಬರೆದು, ಅವಳು ತಾನಾಗಿ ಹೇಳುವವರೆಗೆ ಸುಮ್ಮನೆ ಕೂತೆ. ಮೊದಲ ದಿನವೇ ಹಳದಿ ದಾರ ಕಿತ್ತುಹಾಕಿದೆ. ‘ಕ’ಕ್ಕೆ ಬಾಲ ಬಂದರೆ ‘ಕಾ’ ಯಾಕೆ ಎಂದು ಅವಳು ಮತ್ತೆ ಕೇಳಿದಳು. ಮುದುರಿದ್ದ ಆ ದಾರವನ್ನು ಎಳೆದು ಉದ್ದ ಮಾಡಿ, ಎಳೆದರೆ ದನಿಯೂ ಉದ್ದವಾಗುತ್ತದೆ ಎಂದು ತೋರಿಸಿದೆ. “ಅಷ್ಟೇನಾ!” ಎಂದು ನಕ್ಕಳು. ಒಂದು ನಿಮಿಷ ಹಿಡಿಯಿತು. ಹತ್ತು ವರ್ಷದ ಹಿಂದೆ ಆ ಒಂದು ನಿಮಿಷ ನನ್ನ ಹತ್ತಿರ ಇರಲಿಲ್ಲ.

ನಾಲ್ಕನೆಯ ತಿಂಗಳಲ್ಲಿ ಸ್ಟೇಷನ್ನಿನ ಹಲಗೆಯನ್ನು ತಾನೇ ಓದಿಕೊಂಡು, ರೈಲು ಇಳಿದವಳು ಓಡಿಬಂದಳು. “ಬಂಗಾರಪೇಟೆ ಅಂತ ಬರ್ದವ್ರೆ ಸಾಮಿ! ಇಷ್ಟು ದಿವ್ಸ ಅದ್ರ ಕೆಳಗೇ ಕೂತಿರ್ತಿದ್ದೆ!”

ಏಳನೆಯ ತಿಂಗಳು, ಸಂಕ್ರಾಂತಿ ಕಳೆದ ವಾರ, ಚೀಟಿ ತಂದಳು. ಮಡಿಕೆಯ ಜಾಗದಲ್ಲಿ ಹರಿದಿತ್ತು, ಹಿಂದೆ ಅಂಟು ಒಣಗಿತ್ತು. ಬೆರಳಿಟ್ಟು ಓದಿದಳು. ಅಕ್ಷರ ಅಕ್ಷರ ಕೂಡಿಸಿಕೊಂಡು, ತಪ್ಪಿದಲ್ಲಿ ಹಿಂದಕ್ಕೆ ಬಂದು, ಬೆವರುತ್ತಾ ಓದಿದಳು. ಮೂರನೆಯ ಹೆಸರಿಗೆ ಬಂದಾಗ ದನಿ ಇಳಿಯಿತು.

“ಪೆ... ರು... ಮಾ... ಳ್.”

ಬೆರಳನ್ನು ಹಿಂದಕ್ಕೆ ತಂದು ಆ ಹೆಸರನ್ನು ಇನ್ನೊಮ್ಮೆ ಓದಿದಳು. ಆಮೇಲೆ ನನ್ನನ್ನು ನೋಡಿ, “ಏಳೇ ತಿಂಗ್ಳು ಸಾಮಿ” ಎಂದಳು. “ವಾರಕ್ಕೆ ಒಂದೇ ದಿವ್ಸ. ಅತ್ತುತ್ತಲ್ಲ ನನ್ ತಲೆಗೆ.”

ಅವಳಿಗೆ ಕಲಿಯಲು ಬರುವುದಿಲ್ಲ ಎಂಬ ಒಂದೇ ನೆಪದ ಮೇಲೆ ನಾನು ಇಷ್ಟು ವರ್ಷ ಉಸಿರಾಡಿದ್ದೆ.

“ಅವತ್ತು ಚೀಟಿ ಮುಂದೆ ಏನಾಯ್ತು ಕದಿರಮ್ಮ?” ಎಂದು ಕೇಳಿದೆ. ಅಲ್ಲಿಯವರೆಗೆ ಕೇಳುವ ಧೈರ್ಯವಾಗಿರಲಿಲ್ಲ. ಮಾನಕ್ಕೆ ಅಂಜಿ ಸುಳ್ಳು ಹೇಳಿದಳು ಎಂದೇ ಎಲ್ಲರ ಹಾಗೆ ನಾನೂ ತಿಳಿದಿದ್ದೆ.

“ನಿಂತ್ಕಂಡೆ ಸಾಮಿ. ಕೆರೆ ಪಾಠ ನೋಡಿದ್ರೆ ಬಾಯಿಗೆ ತಾನೇ ಬತ್ತಿತ್ತಲ್ಲ, ಅಂಗೇ ಬತ್ತದೆ ಅಂತ ನಿಂತ್ಕಂಡೆ. ಓದೋದು ಅಂದ್ರೆ ಅದೇ ಅಂದ್ಕಂಡಿದ್ದೆ. ನೋಡ್ದೆ, ನೋಡ್ದೆ, ಏನೂ ಬರ್ಲಿಲ್ಲ. ಬೊಂಬೆನೂ ಇರ್ಲಿಲ್ಲ. ನಮ್ಮೋರು ಇದ್ದಿದ್ರೆ ಬತ್ತಿತ್ತು, ಬರ್ಲಿಲ್ಲ ಅಂದ್ರೆ ನಮ್ಮೋರು ಯಾರೂ ಇಲ್ಲ ಅಂದ್ಕಂಡೆ.”

ಅವಳು ಸುಳ್ಳು ಹೇಳಿರಲಿಲ್ಲ. ನಾನು ಹೇಳಿಕೊಟ್ಟ ಹಾಗೆಯೇ ಓದಿದ್ದಳು.

“ನಿಮ್ಗೆ ಗೊತ್ತಿತ್ತಾ ಸಾಮಿ, ಅದು ಓದಲ್ಲ ಅಂತ?”

“ಗೊತ್ತಿತ್ತು” ಎಂದೆ. “ನನಗೆ ಈ ಊರಿಗೆ ವರ್ಗ ಬೇಕಾಗಿತ್ತು. ಗೊತ್ತಿದ್ದೇ ಮಾಡಿದೆ. ಬೇವಿನ ಮರದ ಕೆಳಗೂ ಗೊತ್ತಿದ್ದೇ ತಲೆಯಾಡಿಸಿದೆ.”

ಅವಳು ಚೀಟಿಯನ್ನು ಹಳೆಯ ಮಡಿಕೆಯಲ್ಲೇ ಮಡಿಸಿದಳು. “ಕನಕಿಗೆ ಏಳ್ತೀರಾ?” ಎಂದಳು. ನಾನು ಕೋಟು ಹಾಕಿಕೊಂಡು ಅವಳ ಹಿಂದೆ ಸ್ಟೇಷನ್ನಿಗೆ ನಡೆದೆ.

ಕನಕಮ್ಮ ಮನೆಯೊಳಗೆ ಒರಳಿನಲ್ಲಿ ಮಾರನೆಯ ದಿನದ ಇಡ್ಲಿಗೆ ರುಬ್ಬುತ್ತಿದ್ದಳು. ನನ್ನನ್ನು ನೋಡಿ ರುಬ್ಬುವುದನ್ನು ನಿಲ್ಲಿಸಲಿಲ್ಲ. ನಾನು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ದಾರ, ಪಾಠ, ಸಾಹೇಬರು, ವರ್ಗ, ಒಂದನ್ನೂ ಬಿಡದೆ. ಕದಿರಮ್ಮ ಒಳಗೆ ಬರದೆ ಹೊಸ್ತಿಲ ಆಚೆಯೇ ನಿಂತಿದ್ದಳು. ನನ್ನ ಮಾತು ಮುಗಿದಾಗ ಒರಳಿನ ಸದ್ದೂ ನಿಂತಿತು.

“ನೀವು ತಲೆ ಆಡ್ಸಿದ್ದು ನಾನು ನೋಡ್ದೆ ಸಾರ್” ಎಂದಳು ಕನಕಮ್ಮ. “ಓದಿದೋರು, ಸುಳ್ಳು ಹೇಳ್ತಾರಾ ಅಂತ ನಂಬ್ದೆ. ಅದಕ್ಕೇ ಆರು ವರ್ಷ ಅಕ್ಕನ ನೀರು ಚೆಲ್ದೆ. ದಿನಾ ಚೆಲ್ದೆ. ನೀವು ಇವತ್ತು ಬಂದ್ರಿ.”

ಕ್ಷಮಿಸು ಎನ್ನಬೇಕೆಂದು ರೈಲಿನಲ್ಲಿ ನೆನೆದಿದ್ದ ಮಾತು ಆ ಮನೆಯಲ್ಲಿ ಬಾಯಿಗೆ ಬರಲಿಲ್ಲ.

ಕನಕಮ್ಮ ಬಾಗಿಲ ಕಡೆ ತಿರುಗಿದಳು. “ಒಳಗೆ ಬಾ ಅಕ್ಕಾ. ಅದನ್ನ ಓದು.”

“ಬ್ಯಾಡ ಕಣೇ ಕನಕಿ.”

“ಓದು. ನೀನೇ ತಾನೆ ಓದಿ ಹೇಳ್ಬೇಕಾಗಿತ್ತು?”

ಕದಿರಮ್ಮ ಒಳಗೆ ಬಂದು ಬೆಳಕಿದ್ದ ಕಡೆ ಕೂತು ಚೀಟಿ ಬಿಡಿಸಿದಳು. ಬೆರಳಿಟ್ಟು ಓದಿದಳು. ಎರಡು ಹೆಸರುಗಳು ಕಳೆದವು. “ಪೆರುಮಾಳ್. ಅನ್ನೆರಡನೇ ಲೈನು.” ಆಮೇಲೆ ಇನ್ನೆರಡು ಹೆಸರು. ಕೊನೆಯ ಸಾಲು ಕಷ್ಟದ್ದು, ಕಚೇರಿಯ ಭಾಷೆ. ಕೂಡಿಸಿ ಕೂಡಿಸಿ ಓದಿದಳು. “ಇವರುಗಳನ್ನು ಆಸ್ಪತ್ರೆಗೆ ಸೇರಿಸಲಾಗಿದೆ. ಮನೆಯವರು... ಕೂಡಲೇ... ಬರತಕ್ಕದ್ದು.”

ಕನಕಮ್ಮ ಎದ್ದು ನಿಂತಳು. ಕೈಗೆ ಹತ್ತಿದ್ದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಆಸ್ಪತ್ರೆಗೆ ಹೊರಟವಳ ಹಾಗೆ ಬಿರಬಿರನೆ ಬಾಗಿಲವರೆಗೆ ಹೋದಳು. ಹೊಸ್ತಿಲ ಮೇಲೆ ಕಾಲಿಟ್ಟು ಅಲ್ಲೇ ನಿಂತುಬಿಟ್ಟಳು. ಕದಿರಮ್ಮ ಚೀಟಿಯನ್ನು ಅಲ್ಲೇ ಬಿಟ್ಟು ಹೋಗಿ ಅವಳ ಕೈ ಹಿಡಿದುಕೊಂಡಳು. ಇಬ್ಬರೂ ನನಗೆ ಬೆನ್ನು ಮಾಡಿ ನಿಂತಿದ್ದರು, ಇಬ್ಬರ ಹೆಗಲೂ ಅಲುಗುತ್ತಿತ್ತು.

ನಾನು ಚೀಟಿ ಬಿದ್ದಿದ್ದ ಜಾಗದ ಪಕ್ಕದಲ್ಲಿ ಕೂತೇ ಇದ್ದೆ. ಯಾರೂ ನನಗೆ ಎದ್ದು ಹೋಗಿ ಎನ್ನಲಿಲ್ಲ, ಕೂತಿರಿ ಎಂದೂ ಅನ್ನಲಿಲ್ಲ.